ಸಂತೋಷ ಅಳೆಯುವ ನಮ್ಮ ಷಡ್ಡಕರು

ನಮ್ಮ ಷಡ್ಡಕರನ್ನು ಮಾಡಿ ಮುಗಿಸಿ ಹೊಲಿಗೆ ಹಾಕುವಾಗ ದೇವರು ತನ್ನ ಅಳತೆ ಟೇಪನ್ನು ಅವರ ಹೊಟ್ಟೆಯೊಳಗೇ ಮರೆತುಬಿಟ್ಟಿದ್ದಾನೆ! ಇದು ನನ್ನ ಖಚಿತ ಅಭಿಪ್ರಾಯ. ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ, ಯಾಕೆಂದರೆ ಅವರು ಅವಳ ಅಕ್ಕನ ಗಂಡ. ಅವಳ ಅಕ್ಕ ಮಾತ್ರ ನಾನು ಬಾಯಿ ತೆರೆಯುವ ಮೊದಲೇ ಒಪ್ಪುತ್ತಾರೆ, ಯಾಕೆಂದರೆ ಆ ಮನುಷ್ಯನ ಜೊತೆ ಸಂಸಾರ ಮಾಡುತ್ತಿರುವವರು ಅವರು.

ಷಡ್ಡಕ ಎನ್ನುವ ಸಂಬಂಧ ನಿಮಗೆ ಗೊತ್ತಲ್ಲ? ಒಂದೇ ಮನೆಯ ಹೆಣ್ಣುಗಳನ್ನು ತಂದ ತಪ್ಪಿಗೆ ಇಬ್ಬರು ಗಂಡಸರು ಬದುಕಿರುವ ತನಕ ಒಬ್ಬರನ್ನೊಬ್ಬರು ಕಂಡು ಹಲ್ಲು ಬಿಡಬೇಕು. ಕೊರಟಗೆರೆಯ ಮಾವನ ಮನೆಗೆ ಹಬ್ಬಕ್ಕೆ ಹೋದರೆ ಮೊದಲ ಹೋಳಿಗೆ ಅವರ ಎಲೆಗೆ, ಹಿರಿಯ ಅಳಿಯ ಅಂತ. ಹರಿದ ಹೋಳಿಗೆ ನನಗೆ. ಅಷ್ಟು ಸಾಲದು ಅಂತ ನಾವಿಬ್ಬರೂ ಕೆಲಸ ಮಾಡುವುದು ಒಂದೇ ಕಾರ್ಖಾನೆಯಲ್ಲಿ! ಮಧುಗಿರಿಯಿಂದ ಸ್ವಲ್ಪ ಆಚೆ, ಕೈಮರದ ಹತ್ತಿರ ಇರುವ ಗಾರ್ಮೆಂಟ್ಸು. ನಾನು ಅಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಗುಂಡಿ, ಜಿಪ್ಪು, ದಾರ, ಸೂಜಿ. ಮುರಿದ ಸೂಜಿಯ ಚೂರುಗಳನ್ನೆಲ್ಲ ಹುಡುಕಿ ತಂದರೆ ಮಾತ್ರ ಹೊಸ ಸೂಜಿ ಕೊಡಬೇಕು ಅನ್ನುವುದು ನಮ್ಮಲ್ಲಿ ಕಾನೂನು. ಹಾಗಾಗಿ ಹೊಲಿಯುವ ಹೆಣ್ಣುಮಕ್ಕಳೆಲ್ಲ ಒಂದಲ್ಲ ಒಂದು ಹೊತ್ತಿನಲ್ಲಿ ನನ್ನ ಕಿಟಕಿಗೆ ಬರಲೇಬೇಕು. ಸೂಜಿಯ ಚೂರಿನ ಜೊತೆ ಊರಿನ ಸುದ್ದಿಯನ್ನೂ ಕೊಟ್ಟು ಹೋಗುತ್ತಾರೆ.

ಷಡ್ಡಕರ ಕೆಲಸವೇನು? ಕುತ್ತಿಗೆಗೆ ಸ್ಟಾಪ್‌ವಾಚು ನೇತು ಹಾಕಿಕೊಂಡು ಹೊಲಿಯುವವರ ಬೆನ್ನ ಹಿಂದೆ ನಿಲ್ಲುವುದು. ಒಂದು ಕಾಲರಿಗೆ ಎಷ್ಟು ಸೆಕೆಂಡು, ಒಂದು ಜೇಬಿಗೆ ಎಷ್ಟು ಸೆಕೆಂಡು ಎಂದು ಬರೆದುಕೊಳ್ಳುವುದು. ಅವರು ಬರೆದದ್ದೇ ಮಾರನೆಯ ವಾರ ಎಲ್ಲರ ತಲೆಗೂ ಟಾರ್ಗೆಟ್ ಆಗಿ ಕೂರುತ್ತಿತ್ತು. ನಮ್ಮ ಹೆಣ್ಣುಮಕ್ಕಳೇನು ಪೆದ್ದಿಯರೇ? ಗಡಿಯಾರದ ಮುಂದೆ ಚುರುಕಾಗಿ ಹೊಲಿದವಳು ಎಲ್ಲರ ಕುತ್ತಿಗೆಗೂ ಹಗ್ಗ ಹಾಕಿದ ಹಾಗೆ ಎಂದು ಮೊದಲ ದಿನವೇ ಅರ್ಥ ಮಾಡಿಕೊಂಡರು. ಷಡ್ಡಕರು ಬಾಗಿಲಲ್ಲಿ ಕಂಡ ತಕ್ಷಣ ಬಾಗಿಲ ಪಕ್ಕದವಳು ಕೆಮ್ಮುತ್ತಿದ್ದಳು. ಅವಳ ಕೆಮ್ಮು ಕೇಳಿ ಪಕ್ಕದವಳು ಕೆಮ್ಮುತ್ತಿದ್ದಳು. ಹಾಗೇ ಸಾಲು ಸಾಲು ಕೆಮ್ಮುತ್ತಾ ಎಲ್ಲರ ಕೈಯೂ ಮದುವೆಮನೆಯಲ್ಲಿ ಹೂ ಕಟ್ಟುವವರ ಹಾಗೆ ನಿಧಾನವಾಗಿಬಿಡುತ್ತಿತ್ತು.

ಇಷ್ಟು ವರ್ಷ ಆ ಕೆಮ್ಮು ಕೇಳಿಸಿಕೊಂಡು ನಮ್ಮ ಷಡ್ಡಕರು ಮಾಡಿದ್ದೇನು ಗೊತ್ತೇ? "ಫ್ಲೋರಿನಲ್ಲಿ ಧೂಳು ಜಾಸ್ತಿ, ಎಲ್ಲರಿಗೂ ಕೆಮ್ಮು ಹಿಡಿದಿದೆ" ಎಂದು ವರದಿ ಬರೆದು ಪೆಟ್ಟಿಗೆಗಟ್ಟಲೆ ಕೆಮ್ಮಿನ ಔಷಧ ತರಿಸಿದರು! ಅದೂ ಬಂದು ನನ್ನ ಸ್ಟೋರ್ಸಿನಲ್ಲಿ ಜಿಪ್ಪುಗಳ ಪಕ್ಕ ಕೂತಿತು.

ಹೀಗಿರುವಾಗ ಬೆಂಗಳೂರಿನ ಹೆಡ್ ಆಫೀಸಿಗೆ ಸಂತೋಷದ ಕಾಯಿಲೆ ಬಂತು. ನಮ್ಮ ಅಂಗಿ ಕೊಳ್ಳುವ ವಿದೇಶದವರು "ನಿಮ್ಮ ಟೈಲರುಗಳು ಖುಷಿಯಾಗಿದ್ದಾರಾ?" ಎಂದು ಕೇಳಿದರಂತೆ. ಅಂಗಿಯ ರೇಟು ಇಳಿಸಬೇಕು, ಹೊಲಿದವಳು ಮಾತ್ರ ನಗುತ್ತಿರಬೇಕು. ಎಂಥ ಕರುಣೆ ನೋಡಿ! ಸಂಬಳ ಏರಿಸಿದರೆ ಖುಷಿಯಾಗುತ್ತಾರೆ ಎಂದು ಯಾರಿಗೂ ಹೊಳೆಯಲಿಲ್ಲ. ಅಥವಾ ಹೊಳೆದೂ ಕಣ್ಣು ಮುಚ್ಚಿಕೊಂಡರೋ ಏನೋ. ಮೊದಲು ಅಳೆಯಿರಿ ಎಂದು ಆರ್ಡರ್ ಬಂತು. ನಮ್ಮ ಮ್ಯಾನೇಜರು ಸುತ್ತ ನೋಡಿದರು. ಇಲ್ಲಿ ಅಳೆಯುವವರು ಯಾರು? ಕುತ್ತಿಗೆಗೆ ಗಡಿಯಾರ ನೇತು ಹಾಕಿಕೊಂಡು ನಮ್ಮ ಷಡ್ಡಕರು ಎದುರಿಗೇ ನಿಂತಿದ್ದರು! ಮಾರನೆಯ ದಿನ ಅವರ ಬಾಗಿಲಿಗೆ 'ಉದ್ಯೋಗಿ ಸಂತೋಷ ಮಾಪನ ವಿಭಾಗ' ಎಂಬ ಬೋರ್ಡು ಬಿತ್ತು. ಆ ಬೋರ್ಡಿನ ಮುಂದೆ ನಿಂತು ಫೋಟೋ ಹಿಡಿಸಿಕೊಂಡು ಮಾವನ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದರು. ನನ್ನ ಅತ್ತೆ ಕೈಮುಗಿಯುವ ಗೊಂಬೆ ಕಳಿಸಿದರು. ನನಗೆ ಅವತ್ತು ಊಟ ಸೇರಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಅನಾಹುತ! ಕಂಡಕಂಡವರನ್ನೆಲ್ಲ "ಹತ್ತಕ್ಕೆ ಎಷ್ಟು ಸಂತೋಷ?" ಎಂದು ಕೇಳುವ ಚಟ. ಗೌರಿ ಹಬ್ಬಕ್ಕೆ ಹೋದಾಗ ಮಾವನವರು ಹೋಳಿಗೆ ತಿಂದು, ಎಲೆ ಅಡಿಕೆ ಹಾಕಿಕೊಂಡು, ಜಗುಲಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ಇವರು ಪಕ್ಕ ಕೂತು, "ಮಾವಾ, ಈಗ ಹತ್ತಕ್ಕೆ ಎಷ್ಟು ಸಂತೋಷದಲ್ಲಿದೀರಿ?" ಎಂದರು.

ಮಾವನವರು ಒಂದು ಕಣ್ಣು ತೆರೆದರು. "ನೀವು ಕೇಳೋ ತಂಕ ಚೆಂದಾಗೇ ಇದ್ದೆ ಕಣಪ್ಪಾ."

ಅವರ ಹೆಂಡತಿ ಅಕ್ಕನವರಂತೂ ಈ ಪ್ರಶ್ನೆಗೆ ಉತ್ತರ ಕೊಡುವುದನ್ನೇ ಬಿಟ್ಟಿದ್ದರು. ಸೌಟು ಎತ್ತಿ ತೋರಿಸುತ್ತಿದ್ದರು, ಅಷ್ಟೇ. ಪಟ್ಟನಾಯಕನಹಳ್ಳಿಯಲ್ಲಿ ನಮ್ಮ ದೂರದ ನೆಂಟರೊಬ್ಬರ ತಿಥಿಗೆ ಹೋದಾಗ ಆದದ್ದನ್ನು ಹೇಳಲೋ ಬೇಡವೋ! ಊಟ ಮುಗಿದು, ತಲೆ ಬೋಳಿಸಿಕೊಂಡ ಮಗ ಕೈಮುಗಿದು ಎಲ್ಲರನ್ನೂ ಕಳಿಸಿಕೊಡುತ್ತಿದ್ದ. ನಮ್ಮ ಷಡ್ಡಕರು ಅವನ ಕೈ ಹಿಡಿದು, "ಒಟ್ಟಾರೆ ಹೆಂಗನ್ನಿಸ್ತಪ್ಪಾ?" ಎಂದುಬಿಟ್ಟರು! ನಾನು ನನ್ನ ಚಪ್ಪಲಿ ಯಾವುದು, ಬೇರೆಯವರದು ಯಾವುದು ಎಂದೂ ನೋಡದೆ ಬಸ್ ಸ್ಟಾಪಿಗೆ ಓಡಿದೆ.

ಕಾರ್ಖಾನೆಗೆ ಒಂದು ಮಿಷನ್ನು ಬಂತು. ಗೇಟಿನ ಪಕ್ಕ, ಕಾರ್ಡು ತೋರಿಸುವ ಜಾಗದಲ್ಲಿ ಅದನ್ನು ನಿಲ್ಲಿಸಿದರು. ಅದರ ಮೇಲೆ ಐದು ಗುಂಡಿ, ಒಂದೊಂದು ಗುಂಡಿಯ ಮೇಲೂ ಒಂದೊಂದು ಮುಖ. ಒಂದು ಕಡೆ ಗೊಳೋ ಎಂದು ಅಳುವ ಮುಖ, ಇನ್ನೊಂದು ಕಡೆ ಹಲ್ಲೆಲ್ಲ ಬಿಟ್ಟು ನಗುವ ಮುಖ. ಮನೆಗೆ ಹೋಗುವಾಗ ಒಬ್ಬೊಬ್ಬರೂ ಕಾರ್ಡು ತೋರಿಸಿ, ತಮ್ಮ ಮನಸ್ಸಿಗೆ ಹೊಂದುವ ಮುಖವನ್ನು ಒತ್ತಿ ಹೋಗಬೇಕು. ಯಾವ ಲೈನಿನವರು, ಅಂದರೆ ಹೊಲಿಗೆಯ ಯಾವ ಸಾಲಿನವರು, ಯಾವುದನ್ನು ಒತ್ತಿದರು ಎಂಬ ಲೆಕ್ಕವನ್ನು ಷಡ್ಡಕರು ಬೆಂಗಳೂರಿಗೆ ಕಳಿಸಬೇಕು.

ಮೊದಲ ಸಂಜೆ ಸಾಲು ಮುಂದಕ್ಕೇ ಹೋಗಲಿಲ್ಲ. ಪಾವಗಡದ ಕಡೆಯ, ತೆಲುಗು ಬೆರೆಸಿ ಮಾತಾಡುವ ಲಚ್ಚಮ್ಮ ಸಾಲಿನ ತಲೆಯಲ್ಲಿ ನಿಂತು ತಗಾದೆ ತೆಗೆದಳು. "ಏಮಿ ಸಾ ಇದಿ? ಇವನ್ಯಾವನೋ ಹಲ್ಲು ಕಿಸ್ಕಂಡು ನಿಂತವ್ನೆ! ಮರ್ಯಾದಸ್ತರ ಮನೆ ಹೆಂಗಸ್ರು ಹೋಗೋಗಿ ಇವನ ಮೊಕಕ್ಕೆ ಬೆಳ್ಳು ಇಕ್ಕನಾ?"

"ಅದು ಖುಷಿ ಕಣಮ್ಮಾ. ಖುಷಿಯಾಗಿದ್ರೆ ಅದನ್ನ ಒತ್ತು" ಎಂದರು ಷಡ್ಡಕರು.

"ಚೆಂದಾಗಿವ್ನಿ ಅಂತ ಬಾಯ್ಬುಟ್ಟು ಹೇಳಿದ್ರೆ ದೃಷ್ಟಿ ಆಗಾಕಿಲ್ವಾ?"

"ಮಿಷನ್ನಿಗೆಲ್ಲಿ ಕಣ್ಣೈತಮ್ಮಾ?"

"ಕಣ್ಣಿಲ್ವಾ? ಐದೈದು ಮೊಕ ಇಟ್ಕಂಡು ನಿಂತೈತಲ್ಲಾ ಸಾ!"

ಮಾರನೆಯ ಬೆಳಿಗ್ಗೆ ನೋಡಿದರೆ ಯಾರೋ ಆ ಮಿಷನ್ನಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದರು. ಷಡ್ಡಕರು ಅದರ ಫೋಟೋ ತೆಗೆದು, 'ಉದ್ಯೋಗಿಗಳ ಉತ್ಸಾಹದ ಪಾಲ್ಗೊಳ್ಳುವಿಕೆ' ಎಂದು ಬರೆದು ಬೆಂಗಳೂರಿಗೆ ಕಳಿಸಿದರು. ಅಲ್ಲಿಂದ ಶಭಾಷ್ ಎಂದು ಉತ್ತರವೂ ಬಂತು. ಇಂಥವರ ಕೈಯಲ್ಲಿ ನಮ್ಮ ಸುಖದುಃಖ!

ಈಗ ಮುಬೀನಕ್ಕನ ವಿಷಯ ಹೇಳಬೇಕು. ಶಿರಾದಿಂದ ಬಸ್ಸಿನಲ್ಲಿ ಬರುವವರು. ದಾರದ ತುದಿ ಕತ್ತರಿಸುವ ಕೆಲಸಕ್ಕೆ ಸೇರಿ, ಹೊಲಿಗೆ ಕಲಿತು, ಲೈನಿನ ಸೂಪರ್‌ವೈಸರ್ ಆದವರು. ಗಂಡ ತೀರಿಹೋಗಿದ್ದಾರೆ, ಓದುವ ಇಬ್ಬರು ಹೆಣ್ಣುಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಮನೆ ನಡೆಯುವುದು ಇವರೊಬ್ಬರ ಸಂಬಳದಿಂದ. ಅವರ ಲೈನಿನಲ್ಲಿ ಯಾರಿಗಾದರೂ ಜ್ವರ ಬಂದರೆ ಅವಳ ಪಾಲಿನ ಪೀಸುಗಳು ಗೊತ್ತಾಗದ ಹಾಗೆ ಅಕ್ಕಪಕ್ಕದವರ ಮಿಷನ್ನಿಗೆ ಹರಿದು ಹೋಗುತ್ತಿದ್ದವು. ಬೈಗುಳವೇನೂ ಕಮ್ಮಿಯಿಲ್ಲ. "ಅರೇ ಹುಚ್ಚಿ, ಕೈ ನೋಡ್ಕಂಡು ಹೊಲಿ, ಬೆಳ್ಳು ಹೊಲ್ಕಂಡ್ರೆ ನಿಮ್ಮವ್ವಂಗೆ ಏನು ಜವಾಬು ಕೊಡ್ಲಿ ನಾನು?" ಎಂದು ಕೂಗಿದರೆ ನನ್ನ ಸ್ಟೋರ್ಸಿಗೆ ಕೇಳಿಸುತ್ತಿತ್ತು. ಹಿಂದೆಯೇ ಇಡೀ ಲೈನಿನ ನಗುವೂ ಕೇಳಿಸುತ್ತಿತ್ತು.

ವರ್ಷದ ದೊಡ್ಡ ಅಳತೆಯ ವಾರ ಬಂತು; ಆ ವಾರ ಒತ್ತಿದ್ದರ ಮೇಲೆಯೇ ಯಾವ ಲೈನು ಎಷ್ಟು ಖುಷಿ ಎಂದು ತೀರ್ಮಾನ. ಮುಬೀನಕ್ಕನ ಲೈನಿನ ಹೆಣ್ಣುಮಕ್ಕಳು ಬುತ್ತಿ ಬಿಚ್ಚಿಕೊಂಡು ಅವರಿಲ್ಲದಾಗ ಸಭೆ ಸೇರಿದರು. ಲಚ್ಚಮ್ಮನೇ ಅಧ್ಯಕ್ಷೆ. "ನೋಡ್ರೇ, ಆ ಗಡಿಯಾರದ ಸಾ ಈಗ ನಗು ಅಳೀತಾವ್ರೆ. ಕಾಲರ್ ಬೇಗ ಹೊಲಿದ್ರೆ ಏನ್ಮಾಡಿದ್ರು? ಟಾರ್ಗೆಟ್ ಏರ್ಸಿದ್ರು. ಈಗ ನಾವು ಚೆಂದಾಗಿದೀವಿ ಅಂತ ಒತ್ತಿದ್ರೆ, ಇಷ್ಟು ಖುಷಿಯಾಗಿದೀರಲ್ಲಾ, ಇನ್ನೊಂದಷ್ಟು ಪೀಸು ಹೊಲೀರಿ ಅಂತ ಅಕ್ಕನ ಕುತ್ಗೆ ಮ್ಯಾಲೆ ಕೂರ್ತಾರೆ. ಎಲ್ರೂ ಅಳೋನನ್ನೇ ಒತ್ತನ. ಅಕ್ಕಂಗೆ ತೊಂದ್ರೆ ಆಗ್ಬಾರ್ದು."

ವಾರವಿಡೀ ಆ ಲೈನಿನವರು ಒಬ್ಬರ ಬೆನ್ನಿಗೊಬ್ಬರು ಗುದ್ದಿಕೊಂಡು ಕಿಸಿಕಿಸಿ ನಗುತ್ತಾ ಬಂದು ಅಳುವ ಮುಖ ಒತ್ತಿ ಹೋದರು! ನಾನು ಕಣ್ಣಾರೆ ಕಂಡೆ. ಮಿಷನ್ನಿನ ಪಕ್ಕದಲ್ಲೇ ನಿಂತಿದ್ದ ನಮ್ಮ ಷಡ್ಡಕರೂ ಕಂಡರು. ಆದರೆ ಅವರಿಗೆ ಎದುರಿಗೆ ನಗುವ ಮನುಷ್ಯರಿಗಿಂತ ಮಿಷನ್ನಿನೊಳಗೆ ಅಳುವ ಗೊಂಬೆಯ ಮೇಲೆ ನಂಬಿಕೆ ಜಾಸ್ತಿ.

ಪಕ್ಕದ ಲೈನಿನ ಕಥೆ ಕೇಳಿ. ಅಲ್ಲಿಯ ಸೂಪರ್‌ವೈಸರ್ ಒಬ್ಬ ಅರಚುಬುರುಕ. ನೀರು ಕುಡಿಯಲು ಎದ್ದವಳಿಗೂ ಬೈಯುವ ಆಸಾಮಿ. ಅವನು ಆ ವಾರವೆಲ್ಲ ಮಿಷನ್ನಿನ ಎದುರು ಕೈಕಟ್ಟಿ ನಿಂತ. ಅವನ ಲೈನಿನವರು ಕಣ್ಣಲ್ಲಿ ನೀರು ತುಂಬಿಕೊಂಡು ಹಲ್ಲು ಕಿಸಿದವನನ್ನು ಒತ್ತಿ ಹೋದರು. ಫಲಿತಾಂಶ ಬಂತು. ಅರಚುಬುರುಕನ ಲೈನು ಅತ್ಯಂತ ಸಂತೃಪ್ತ ಲೈನು! ಅವನಿಗೆ ಶಾಲು, ಹಣ್ಣಿನ ಬುಟ್ಟಿ. ಮುಬೀನಕ್ಕನ ಲೈನು ಕಂಪನಿಯಲ್ಲೇ ಎಲ್ಲರಿಗಿಂತ ದುಃಖದ ಲೈನು. ದುಃಖಕ್ಕೆ ಸೂಪರ್‌ವೈಸರೇ ಕಾರಣ ಎಂದು ಬೆಂಗಳೂರಿನವರು ಅಲ್ಲೇ ಕೂತು ಕಂಡುಹಿಡಿದರು. ಮುಂದಿನ ಸೋಮವಾರದಿಂದ ಮುಬೀನಕ್ಕನನ್ನು ಕೆಲಸದಿಂದ ತೆಗೆಯಬೇಕು ಎಂದು ಹೇಳಿ ಕಳಿಸಿದರು.

ಸುದ್ದಿ ಕೇಳಿ ಆ ಹೆಣ್ಣುಮಕ್ಕಳು ಹೌಹಾರಿದರು. ಊಟಕ್ಕೆ ಹೋಗುವಾಗ, ಬರುವಾಗ, ಬಾತ್‌ರೂಮಿಗೆ ಹೋಗುವಾಗಲೆಲ್ಲ ಓಡಿ ಬಂದು ನಗುವವನನ್ನು ಗುದ್ದಿದರು. ಹಲ್ಲು ಕಿಸಿದವನು ಒಳಕ್ಕೆ ಹೋದವನು ಹೊರಕ್ಕೆ ಬರಲೇ ಇಲ್ಲ. ಮಿಷನ್ನೇ ಕೆಟ್ಟು ಕೂತಿತು. ಲಚ್ಚಮ್ಮ ಷಡ್ಡಕರ ಕಾಲಿಗೆ ಬಿದ್ದಳು. "ತಪ್ಪಾಗೋಯ್ತು ಸಾಮಿ, ನಾವೇ ಬೇಕಂತ ಒತ್ತಿದ್ದು. ಅಕ್ಕನ್ನ ಕಳುಸ್ಬ್ಯಾಡ್ರಿ."

"ಏಳಮ್ಮಾ ಏಳು. ಅಳತೆ ಅಂದ್ರೆ ಅಳತೆ. ಒಂದ್ಸಲ ಒತ್ತಿದ್ದು ಒತ್ತಿದ್ದೇ" ಎಂದರು ಮಹಾನುಭಾವರು.

ಮುಬೀನಕ್ಕ ಯಾರ ಹತ್ತಿರವೂ ಹೋಗಿ ಕೇಳಲಿಲ್ಲ. ಸೂಜಿಗೆಂದು ನನ್ನ ಕಿಟಕಿಗೆ ಬಂದವರು, "ಹುಡುಗೀರ್ಗೆ ಬೈಬೇಡಿ ಭಾಯ್. ನನ್ ಮ್ಯಾಗಿನ ಪ್ರೀತಿಗೆ ಮಾಡವ್ರೆ" ಎಂದಷ್ಟೇ ಹೇಳಿ ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಷಡ್ಡಕರ ಕೋಣೆಗೆ ನುಗ್ಗಿದೆ.

"ಅಣ್ಣಾ, ನೀವು ವಾಚು ಹಿಡ್ಕೊಂಡು ಹೋದಾಗೆಲ್ಲ ಆ ಹೆಣ್ಮಕ್ಕಳು ಯಾಕೆ ಕೆಮ್ತಿದ್ರು ಗೊತ್ತಾ ನಿಮಗೆ?"

"ಧೂಳು ಕಣಯ್ಯಾ. ವರದಿ ಬರ್ದಿದ್ನಲ್ಲಾ."

"ಧೂಳೂ ಇಲ್ಲ ಮಣ್ಣೂ ಇಲ್ಲ! ನೀವು ಬಂದ್ರಿ ಅಂತ ಒಬ್ಬರಿಗೊಬ್ಬರು ಹೇಳ್ಕೊಳ್ತಿದ್ರು. ನಿಮ್ಮನ್ನ ಕಂಡ್ರೆ ಕೈ ನಿಧಾನ ಮಾಡ್ತಿದ್ರು. ಈಗಲೂ ನಿಮ್ಮ ಹೆದರಿಕೆಗೇ ಅಳೋ ಮುಖ ಒತ್ತವ್ರೆ. ನೀವು ಅಳೆದದ್ದು ಅವರ ಸಂತೋಷ ಅಲ್ಲ, ನಿಮ್ಮ ಮೇಲಿನ ಹೆದರಿಕೆ!"

ಷಡ್ಡಕರು ನನ್ನ ಕಡೆ ಕುರ್ಚಿ ತಿರುಗಿಸಿದರು. "ಅಷ್ಟು ವರ್ಷವೂ?" ಎಂದರು.

"ಅಷ್ಟು ವರ್ಷವೂ."

"ಎಲ್ಲಾರೂ?"

"ಒಬ್ಬರೂ ಬಿಡದ ಹಾಗೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೇ ಭಾರಿ ಖುಷಿಯಾಯಿತು. ಕೊರಟಗೆರೆಯಲ್ಲಿ ತಿಂದ ಹರಿದ ಹೋಳಿಗೆಗಳಿಗೆಲ್ಲ ಬಡ್ಡಿ ಸಮೇತ ತೀರಿಸಿಕೊಂಡೆ ಅನ್ನಿಸಿತು. ಇವರು ಏನಾದರೂ ಮಾಡುತ್ತಾರೆ ಎಂಬ ಆಸೆ ಮಾತ್ರ ಇರಲಿಲ್ಲ. ಆ ಬೋರ್ಡಿಗೂ ಆ ಕುರ್ಚಿಗೂ ಅಂಟಿಕೊಂಡ ಮನುಷ್ಯ. ಮಗಳು ಬೇರೆ ತುಮಕೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಯಾವ ಧೈರ್ಯದ ಮೇಲೆ ಬಾಯಿ ಬಿಟ್ಟಾರು?

ಶನಿವಾರ ಮಧ್ಯಾಹ್ನ ಬೆಂಗಳೂರಿನವರ ಜೊತೆ ವಿಡಿಯೋ ಮೀಟಿಂಗು. ಮ್ಯಾನೇಜರ ಕೋಣೆಯಲ್ಲಿ ಗೋಡೆಯ ಮೇಲೆ ದೊಡ್ಡ ಸಾಹೇಬರ ಮುಖ. ಸ್ಟೋರ್ಸಿನ ಲೆಕ್ಕ ಹೇಳಲು ನಾನೂ ಮೂಲೆಯಲ್ಲಿ ಕೂತಿದ್ದೆ. ಸಾಹೇಬರು ಷಡ್ಡಕರನ್ನು ಹೊಗಳಿದರು. ನಿಮ್ಮ ಅಳತೆ ಬಹಳ ಕರಾರುವಾಕ್ಕು, ಬೇರೆ ಶಾಖೆಗಳಿಗೂ ನೀವೇ ಹೋಗಿ ಕಲಿಸಬೇಕು ಎಂದರು. ಷಡ್ಡಕರು ಎದ್ದು ನಿಂತರು. ಥ್ಯಾಂಕ್ಸ್ ಹೇಳಲು ಎದ್ದರು ಎಂದುಕೊಂಡು ನಾನು ಮುಖ ಕಿವುಚಿದೆ.

"ಸಾರ್, ಅಳತೆ ತಪ್ಪಾಗಿದೆ" ಎಂದರು.

"ಮಿಷನ್ ಪ್ರಾಬ್ಲಮ್ಮಾ?"

"ಅಲ್ಲ ಸಾರ್. ಅಳೆದವನದೇ ತಪ್ಪು. ನಾನು ಅವರ ಹಿಂದೆ ವಾಚ್ ಹಿಡ್ಕೊಂಡು ನಿಂತೋನು. ನಾನು ಬಂದೆ ಅಂದ್ರೆ ಅವರಿಗೆ ನಡುಕ. ನೀವು ತೆಗೀಬೇಕು ಅಂದ ಆ ಸೂಪರ್‌ವೈಸರ್ ಹೆಂಗಸಿನ ಮೇಲಿನ ಪ್ರೀತಿಗೆ, ಅವಳಿಗೆ ತೊಂದರೆ ಆಗದೇ ಇರಲಿ ಅಂತ ಅಳೋದನ್ನ ಒತ್ತವ್ರೆ. ನಾನು ಪಕ್ಕದಲ್ಲೇ ನಿಂತು ಅವರು ನಗೋದನ್ನ ನೋಡ್ದೆ ಸಾರ್. ನೋಡೂ ನಂಬರ್ ಕಳಿಸ್ದೆ. ಅವಳನ್ನ ತೆಗೀಬೇಡಿ."

ಗೋಡೆಯ ಮೇಲಿನ ಮುಖ ಬಿಗಿಯಾಯಿತು. "ಹಾಗಾದ್ರೆ ಇಷ್ಟು ದಿನ ನೀವು ಕಳಿಸಿದ ನಂಬರುಗಳಿಗೆ ಏನು ಅರ್ಥ?"

"ಏನೂ ಅರ್ಥ ಇಲ್ಲ ಸಾರ್."

"ಮತ್ತೆ ನಮಗೆ ನೀವು ಯಾಕೆ ಬೇಕು?"

"ಬೇಡ ಸಾರ್" ಎಂದರು ನಮ್ಮ ಷಡ್ಡಕರು.

ಸಾಹೇಬರು "ನೋಡೋಣ" ಎಂದರು, ಗೋಡೆ ಕಪ್ಪಾಯಿತು. ಸಂಜೆಯೊಳಗೆ ಒಂದು ತೀರ್ಮಾನ ಬಂತು. ಸಂತೋಷದ ವಿಭಾಗ ಮುಚ್ಚಿದೆ, ಷಡ್ಡಕರು ಸೋಮವಾರದಿಂದ ಬರುವುದು ಬೇಡ. ಅವರ ಕೆಲಸ ತೆಗೆಯಲು ಅಷ್ಟು ಚುರುಕಾಗಿ ಯೋಚಿಸಿದವರು ಮುಬೀನಕ್ಕನ ಬಗ್ಗೆ ಮಾತ್ರ ಒಂದು ಮಾತೂ ಹೇಳಲಿಲ್ಲ. ಮ್ಯಾನೇಜರನ್ನು ಕೇಳಿದರೆ, "ನನಗೇನ್ರೀ ಗೊತ್ತು, ಕಾರ್ಡು ಆನ್ ಮಾಡೋದು ಆಫ್ ಮಾಡೋದು ಎಲ್ಲಾ ಬೆಂಗಳೂರಿನವರು" ಎಂದು ಕೈ ಝಾಡಿಸಿದರು.

ಷಡ್ಡಕರನ್ನು ನನ್ನ ಬೈಕಿನಲ್ಲಿ ಕೂರಿಸಿಕೊಂಡು ಹೊರಟೆ. ಮನೆಯ ಮುಂದೆ ಇಳಿದು, ಅಂಗಿ ಸರಿಮಾಡಿಕೊಂಡು ಅವರು ಅಂದರು: "ಸೋಮವಾರ ಬೆಳಿಗ್ಗೆ ಶಿರಾ ಬಸ್ ಬರೋ ಹೊತ್ತಿಗೆ ಗೇಟ್ ಹತ್ರ ನಿಂತ್ಕೊಳಯ್ಯಾ. ಆಯಮ್ಮನ ಕಾರ್ಡು ತಗಳತ್ತಾ ನೋಡು. ನೋಡಿ ನಂಗೊಂದು ಫೋನ್ ಮಾಡು." ಆಯ್ತಣ್ಣಾ ಎಂದೆ.

ಸೋಮವಾರ ನಾನು ಎಲ್ಲರಿಗಿಂತ ಮೊದಲು ಹೋಗಿ ಗೇಟಿನಲ್ಲಿ ನಿಂತೆ. ಪಾವಗಡದ ಬಸ್ಸು ಬಂತು. ಲಚ್ಚಮ್ಮ ಮತ್ತು ಅವಳ ಜೊತೆಯವರು ಇಳಿದರು, ಯಾರೂ ಒಳಗೆ ಹೋಗಲಿಲ್ಲ. ಬ್ಯಾಗು ಎದೆಗೆ ಅವುಚಿಕೊಂಡು ನನ್ನ ಪಕ್ಕದಲ್ಲೇ ನಿಂತರು. ಆಮೇಲೆ ಶಿರಾದ ಬಸ್ಸು. ಮುಬೀನಕ್ಕ ಇಳಿದರು. ನಮ್ಮನ್ನೆಲ್ಲ ಒಂದು ಸಲ ನೋಡಿ, ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು, ಕಾರ್ಡನ್ನು ತೆಗೆದು ಹಿಡಿದರು. ಹಸಿರು ದೀಪ ಹತ್ತಿತು. ಗೇಟು ತೆರೆಯಿತು. ಹಿಂದಿನಿಂದ ಹುಡುಗಿಯರು ಹೋ ಎಂದು ಕೂಗಿಕೊಂಡು ಹೋಗಿ ಅವರ ಮೇಲೆ ಬಿದ್ದರು.

ನಾನು ಫೋನು ತೆಗೆದೆ. ಒಂದೇ ರಿಂಗಿಗೆ ಎತ್ತಿದರು.

"ಅಣ್ಣಾ, ಒಳಗೆ ಹೋದರು."

"ಹೋದ್ಲಾ?"

"ಹೋದರು ಅಣ್ಣಾ."

ಆ ಕಡೆ ಮೂಗು ಎಳೆದುಕೊಂಡ ಸದ್ದು. ಆಮೇಲೆ ನಮ್ಮ ಷಡ್ಡಕರು, ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದ ಆ ಮನುಷ್ಯ, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಕೆಲಸದ ಸೈರನ್ನು ಕೂಗಿತು. ಕೂಗಿದರೆ ಕೂಗಲಿ ಎಂದು, ಅವರ ಅಳು ನಿಲ್ಲುವ ತನಕ ನಾನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.